ಒಳಗೂ ಹೊರಗೂ ಒಂದೇ ಸೊಪ್ಪು

ಬೆಳಗಿನ ಐದೂವರೆಗೆ ಪಿರಿಯಾಪಟ್ಟಣ ಇನ್ನೂ ಮಂಜಿನೊಳಗೇ ಇರುತ್ತದೆ. ಮಾಗಿಯ ದಿನಗಳಲ್ಲಂತೂ ಎದುರು ಮನೆಯ ಜಗಲಿಯೂ ಕಾಣುವುದಿಲ್ಲ. ಮಡಿಕೇರಿ ಕಡೆಗೆ ಹೋಗುವ ಬಸ್ಸಿನ ಸದ್ದು ಹೆದ್ದಾರಿಯಿಂದ ತೇಲಿ ಬರುತ್ತದೆ, ಬಸ್ಸು ಕಾಣುವುದಿಲ್ಲ. ಆ ಹೊತ್ತಿಗೆ ನಾನು ಅಡುಗೆಮನೆಯ ದೀಪವೊಂದನ್ನೇ ಹಾಕಿಕೊಂಡು, ನೀರು ಒಲೆಗಿಟ್ಟು, ಗಾಜಿನ ಲೋಟದ ತಳಕ್ಕೆ ಒಂದು ಚಮಚ ಎಲೆ ಉದುರಿಸಿ ಕೂತಿರುತ್ತೇನೆ. ಮನೆಯವರು ಎದ್ದಮೇಲೆ ಹಾಲು ಕಾಯುತ್ತದೆ, ಕಾಫಿಯ ಡಿಕಾಕ್ಷನ್ ಇಳಿಯುತ್ತದೆ, ದಿನ ಶುರುವಾಗುತ್ತದೆ. ಅದಕ್ಕೆ ಮುಂಚಿನ ಈ ಅರ್ಧ ಗಂಟೆ ಮಾತ್ರ ನನ್ನದು.

ಒಣಗಿ ಸುರುಟಿಕೊಂಡ ಟೀ ಎಲೆ ನೋಡುವುದಕ್ಕೆ ಕಪ್ಪು ದಾರದ ತುಂಡಿನ ಹಾಗಿರುತ್ತದೆ. ಕುದಿದು ಒಂದು ನಿಮಿಷ ಆರಿದ ನೀರು ಹೊಯ್ದರೆ ಮೊದಲು ಎಲ್ಲವೂ ಮೇಲಕ್ಕೆ ಬಂದು ತೇಲುತ್ತವೆ. ಆಮೇಲೆ ಒಂದೊಂದಾಗಿ ನೀರು ಕುಡಿದು, ಭಾರವಾಗಿ, ನಿಧಾನಕ್ಕೆ ತಳಕ್ಕಿಳಿಯುತ್ತವೆ. ಇಳಿಯುತ್ತ ಇಳಿಯುತ್ತ ಮಡಿಕೆ ಬಿಚ್ಚಿಕೊಳ್ಳುತ್ತವೆ. ಮೂರನೆಯ ನಿಮಿಷಕ್ಕೆ ನರ ಕಾಣುತ್ತದೆ, ಗರಗಸದ ಹಲ್ಲಿನಂಥ ಅಂಚು ಕಾಣುತ್ತದೆ, ಅದೃಷ್ಟವಿದ್ದರೆ ಎರಡು ಎಲೆ ಒಂದು ಮೊಗ್ಗು ಒಂದೇ ತೊಟ್ಟಿಗೆ ಅಂಟಿಕೊಂಡಿರುವುದೂ ಕಾಣುತ್ತದೆ. ಎಲ್ಲೋ ಬೆಟ್ಟದ ಮೇಲೆ ಒಬ್ಬ ಹೆಣ್ಣುಮಗಳು ಬೆರಳ ತುದಿಯಲ್ಲಿ ಚಿವುಟಿದ ಜಾಗ ಆ ತೊಟ್ಟಿನ ಕೊನೆಯಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ನೋಡುವಾಗಲೆಲ್ಲ ನನಗೆ ಅಪ್ಪನ ನೆನಪಾಗುತ್ತದೆ. ಅಪ್ಪ ಜೀವಮಾನದಲ್ಲಿ ಇಂಥ ಟೀ ಕುಡಿದವನಲ್ಲ. ಆದರೆ ಎಲೆ ನೋಡುವುದನ್ನು ನನಗೆ ಕಲಿಸಿದವನು ಅವನೇ.

ನಮ್ಮ ಕಡೆ ಹಳಬರು ಟೀಪುಡಿ ಅನ್ನುವುದಿಲ್ಲ, ಟೀಸೊಪ್ಪು ಅನ್ನುತ್ತಾರೆ. ಅಂಗಡಿಗೆ ಮಕ್ಕಳನ್ನು ಕಳಿಸುವಾಗ ಅವ್ವ "ಕಾಲು ಕೆಜಿ ಸಕ್ಕರೆ, ಒಂದ್ ಪೊಟ್ಣ ಟೀಸೊಪ್ಪು" ಎಂದೇ ಹೇಳಿ ಕಳಿಸುತ್ತಿದ್ದಳು. ಪೊಟ್ಟಣದಲ್ಲಿ ಬರುತ್ತಿದ್ದದ್ದು ಸಾಸಿವೆ ಗಾತ್ರದ ಕಾಳು. ಅದರಲ್ಲಿ ಸೊಪ್ಪಿನ ಗುರುತು ಒಂದೂ ಇರುತ್ತಿರಲಿಲ್ಲ. ಆದರೂ ಅದು ಒಂದು ಗಿಡದ ಸೊಪ್ಪು ಎಂಬುದನ್ನು ಆ ಮಾತು ಮರೆಯಗೊಡಲಿಲ್ಲ. ಮನೆಯಲ್ಲಿದ್ದ ಇನ್ನೊಂದು ಸೊಪ್ಪು ಹೊಗೆಸೊಪ್ಪು. ಕಂಪಲಾಪುರದ ಹತ್ತಿರ ನಮ್ಮ ಮೂರು ಎಕರೆ, ಸೊಪ್ಪು ಬೇಯಿಸಿ ಒಣಗಿಸುವ ಒಂದು ಬ್ಯಾರನ್. ಮುಂಗಾರಿಗೆ ನಾಟಿ, ಶ್ರಾವಣ ಭಾದ್ರಪದದ ಹೊತ್ತಿಗೆ ಬೇಯಿಸುವ ಕೆಲಸ. ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿರುತ್ತಿತ್ತು. ಹೊಗೆಸೊಪ್ಪು ಮನುಷ್ಯನಿಗೆ ಮಾಡುವ ಕೇಡು ನನಗೆ ಗೊತ್ತು, ಅದನ್ನು ಮುಚ್ಚಿಟ್ಟು ಬರೆಯಲಾರೆ. ಹಾಗೆಯೇ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸೀಮೆಯ ಸಾವಿರಾರು ಮನೆಗಳ ಹಾಗೆ ನಮ್ಮ ಮನೆಯ ಮಕ್ಕಳ ಓದು, ಮದುವೆ ನಡೆದದ್ದು ಅದರಿಂದಲೇ ಎಂಬುದನ್ನೂ ಮುಚ್ಚಿಡಲಾರೆ.

ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ, ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೂ ಮುಂಚೆ ವ್ಯಾಪಾರಿ ಮನೆ ಬಾಗಿಲಿಗೇ ಬಂದು, ಅವನು ಹೇಳಿದ್ದೇ ದರ, ಅವನು ಹಿಡಿದದ್ದೇ ತೂಕ. ಹರಾಜು ಬಂದಮೇಲೆ ರೈತನಿಗೊಂದು ನೋಂದಣಿ ನಂಬರು, ಪ್ರತಿ ಬೇಲ್‌ಗೂ ಒಂದು ಚೀಟಿ. ಸಾಲಾಗಿ ಇಟ್ಟ ಬೇಲ್‌ಗಳ ನಡುವೆ ಕಂಪನಿಯವರು ನಡೆದು ಬರುತ್ತಿದ್ದರು, ಒಳಗಿಂದ ಒಂದು ಹಿಡಿ ಸೊಪ್ಪು ಎಳೆದು, ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಮೂಗಿಗಿಟ್ಟು ದರ ಕೂಗುತ್ತಿದ್ದರು. ಅಪ್ಪ ಹರಾಜಿಗೆ ಹೊರಡುವ ಹಿಂದಿನ ರಾತ್ರಿ ಪಡಸಾಲೆಯಲ್ಲಿ ಬುಡ್ಡಿದೀಪ ಇಟ್ಟುಕೊಂಡು ಸೊಪ್ಪು ಆರಿಸುತ್ತ ಕೂರುತ್ತಿದ್ದ. ಬಣ್ಣಕ್ಕೊಂದು ಗುಡ್ಡೆ, ಉದ್ದಕ್ಕೊಂದು ಗುಡ್ಡೆ, ಚುಕ್ಕೆ ಬಿದ್ದದ್ದಕ್ಕೆ ಬೇರೆ ಗುಡ್ಡೆ. ಬೇಲ್ ಕಟ್ಟಿ ಮುಗಿದಮೇಲೆ ಮೊಣಕೈವರೆಗೂ ಕೈ ತೂರಿಸಿ, ನಡುವಿನಿಂದ ಒಂದು ಎಲೆ ಎಳೆದು, ಮೇಲಿನ ಎಲೆಯ ಪಕ್ಕ ಇಟ್ಟು ನೋಡುತ್ತಿದ್ದ. ಮೇಲೆ ಹೊಂಬಣ್ಣದ್ದು ಹಾಸಿ ಒಳಗೆ ಕಳಪೆ ತುಂಬುವವರೂ ಇದ್ದರು. ಸಿಕ್ಕಿಬಿದ್ದರೆ ಬೇಲ್ ತಿರಸ್ಕಾರ.

"ಒಂದ್ ಸಲ ದುಡ್ ಬತ್ತದೆ ಕಣವ್ವ, ಆಮೇಲೆ ನಂಬರೇ ಕೆಟ್ಟೋಯ್ತದೆ. ಒಳಗೂ ಹೊರಗೂ ಒಂದೇ ಸೊಪ್ಪಿರ್ಬೇಕು" ಎಂದು ಅಪ್ಪ ಹೇಳಿದ್ದು ಆ ಪಡಸಾಲೆಯಲ್ಲೇ.

ನಂಬರು ಕೆಡುವುದು ಎಂಬ ಆ ಮಾತು ಇವತ್ತಿಗೂ ನನ್ನೊಳಗಿದೆ. ಹೆಸರು ಕೆಡುವುದು ಎಂದು ಎಲ್ಲರೂ ಹೇಳುತ್ತಾರೆ. ನಂಬರು ಕೆಡುವುದು ಅದಕ್ಕಿಂತ ಖಚಿತವಾದ ಮಾತು. ಸೊಪ್ಪು ಯಾರ ಹೊಲದಿಂದ ಬಂತು ಎಂದು ಹಿಡಿದುಕೊಂಡು ಹೋದರೆ ಒಬ್ಬ ಮನುಷ್ಯನ ಬಾಗಿಲು ಸಿಗುತ್ತಿತ್ತು. ಆ ಬಾಗಿಲಲ್ಲಿ ಅಪ್ಪ ನಿಂತಿರುತ್ತಿದ್ದ.

ಎಲೆಯ ಟೀ ನನಗೆ ಪರಿಚಯವಾದದ್ದು ಬೈಲಕುಪ್ಪೆಯಲ್ಲಿ. 1960ರ ದಶಕದಲ್ಲಿ ನಮ್ಮ ತಾಲ್ಲೂಕಿನ ಕಾಡು ಕಡಿದು ಟಿಬೆಟಿನಿಂದ ಬಂದವರಿಗೆ ನೆಲೆ ಕೊಟ್ಟರು. ಈಗ ಹೊರಗಿನವರಿಗೆ ಬೈಲಕುಪ್ಪೆ ಎಂದರೆ ಗೋಲ್ಡನ್ ಟೆಂಪಲ್. ಆ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ನನಗೆ ಮಾತ್ರ ಅದು ಮುಸುಕಿನ ಜೋಳದ ಹೊಲಗಳ ಊರು, ಜೋಳದ ನಡುವೆ ಹಾರುವ ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳ ಊರು. ಶಾಲೆಯ ಹಿಂದಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅಮಾಲಾ ಎಂದೇ ಎಲ್ಲರೂ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮನೆಯಲ್ಲಿ ಇಟ್ಟಿಗೆಯ ಹಾಗೆ ಒತ್ತಿದ ಟೀ ಇರುತ್ತಿತ್ತು. ಅದರ ಒಂದು ಮೂಲೆಯನ್ನು ಚಾಕುವಿನಿಂದ ಮುರಿದು, ಬಹಳ ಹೊತ್ತು ಕುದಿಸಿ, ಉಪ್ಪು ಬೆಣ್ಣೆ ಹಾಕಿ ಮರದ ಉದ್ದನೆಯ ಕೊಳವೆಯಲ್ಲಿ ಕಡೆದು ಕೊಡುತ್ತಿದ್ದರು. ಮೊದಲ ಗುಟುಕಿಗೆ ನನಗೆ ಅದು ಟೀ ಎಂದೇ ಅನಿಸಲಿಲ್ಲ, ಯಾವುದೋ ಸಾರು ಅನಿಸಿತು. ಮೂರನೆಯ ವರ್ಷದ ಚಳಿಗೆ ನಾನೇ ಕೇಳಿ ಕುಡಿಯುತ್ತಿದ್ದೆ.

ಆ ಟೀಗಿಂತ ಹೆಚ್ಚಾಗಿ ನೆನಪಿರುವುದು ಅಮಾಲಾ ಇಟ್ಟಿಗೆ ಮುರಿಯುತ್ತಿದ್ದ ರೀತಿ. ಮುರಿದ ತಕ್ಷಣ ಮುರಿದ ಕಡೆಯ ಮುಖ ನೋಡುತ್ತಿದ್ದರು. ಮೇಲ್ಮೈಯನ್ನು ಯಾರು ಬೇಕಾದರೂ ನಯವಾಗಿ ಒತ್ತಬಹುದು. ಬೂಸಲು, ಕಡ್ಡಿ, ಧೂಳು ಇದ್ದರೆ ಅದು ಕಾಣುವುದು ಒಳಗೆ. ಆಮೇಲೆ ಮೂಗಿಗೆ ಹಿಡಿದು ಕಣ್ಣುಮುಚ್ಚುತ್ತಿದ್ದರು. ಒಂದು ಕಾಲದಲ್ಲಿ ಟಿಬೆಟ್, ಮಂಗೋಲಿಯಾಗಳಲ್ಲಿ ಈ ಟೀ ಇಟ್ಟಿಗೆಯೇ ದುಡ್ಡಿನ ಬದಲು ಚಲಾವಣೆಯಾಗುತ್ತಿತ್ತು. ಕೈಯಿಂದ ಕೈಗೆ ಹೋಗುವ ನಾಣ್ಯವನ್ನು ಜನ ಕಲ್ಲಿಗೆ ಬಡಿದು ನೋಡಿದ ಹಾಗೆ ಟೀಯನ್ನೂ ಮುರಿದು ನೋಡಿರಬೇಕು. ಅಪ್ಪನ ಮೊಣಕೈ ಮತ್ತು ಅಮಾಲಾರ ಚಾಕು, ಎರಡೂ ಹುಡುಕುತ್ತಿದ್ದದ್ದು ಒಂದನ್ನೇ.

ನಿವೃತ್ತಿಯಾದಮೇಲೆ ಒಳ್ಳೆಯ ಎಲೆಯ ಟೀ ಬೆಳಗಿಗೊಂದು ಲೋಟ ಕುಡಿಯಬೇಕೆಂಬ ಆಸೆ ಹುಟ್ಟಿತು. ನಮ್ಮ ಪೇಟೆಯಲ್ಲಿ ಅದು ಸಿಗುವುದಿಲ್ಲ, ಫೋನಿನಲ್ಲೇ ನೋಡಿ ತರಿಸಬೇಕು. ಅಂಗಡಿಗಳಲ್ಲಿ ಇರುವುದೆಲ್ಲ ಸಿಟಿಸಿ, ಎಂದರೆ ಎಲೆಯನ್ನು ಹಲ್ಲಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಉಂಡೆಗಟ್ಟಿಸಿದ ಕಾಳು. 1930ರಲ್ಲಿ ಅಸ್ಸಾಮಿನ ತೋಟವೊಂದರಲ್ಲಿ ಮೆಕರ್ಚರ್ ಎಂಬಾತ ಶುರುಮಾಡಿದ ವಿಧಾನ ಅದು. ಇವತ್ತು ನಮ್ಮ ದೇಶದಲ್ಲಿ ಆಗುವ ಟೀ ಬಹುಪಾಲು ಹಾಗೆಯೇ ಆಗುತ್ತದೆ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನ ಟೀಯನ್ನು ನಾನು ಈಗಲೂ ಪ್ರೀತಿಯಿಂದ ಕುಡಿಯುತ್ತೇನೆ. ಆದರೆ ಆ ಕಾಳು ತನ್ನ ಬಗ್ಗೆ ಏನೂ ಹೇಳುವುದಿಲ್ಲ. ನಾಲ್ಕು ತೋಟದ್ದು ಬೆರೆತಿದ್ದರೂ ಗೊತ್ತಾಗದು, ಹೋದ ವರ್ಷದ್ದಾದರೂ ಗೊತ್ತಾಗದು. ಇಡೀ ಎಲೆಗೆ ಆ ಮರೆ ಇಲ್ಲ. ನೀರಿಗೆ ಬಿದ್ದರೆ ಬಿಚ್ಚಿಕೊಳ್ಳಲೇಬೇಕು. ಮೊಗ್ಗೆಷ್ಟು, ಬಲಿತ ಎಲೆಯೆಷ್ಟು, ಕಡ್ಡಿಯೆಷ್ಟು ಎಂದು ಲೋಟದಲ್ಲೇ ಸಾಕ್ಷಿ ಹೇಳಬೇಕು.

ಆದರೆ ಆ ಸಾಕ್ಷಿ ನುಡಿಯುವುದು ದುಡ್ಡು ಕೊಟ್ಟು, ಪೊಟ್ಟಣ ಬಂದು, ನೀರು ಕಾದಮೇಲೆ. ಅದಕ್ಕೂ ಮುಂಚೆ ನನ್ನ ಮುಂದೆ ಇದ್ದದ್ದು ಫೋನಿನ ಗಾಜು. ಮುಟ್ಟಿದರೆ ಗಾಜಿನ ತಂಪು, ಮೂಸಿದರೆ ಏನೂ ಇಲ್ಲ.

ಕಾಫಿಯಲ್ಲಿ ನಮಗೆ ಈ ಕಷ್ಟ ಗೊತ್ತಿಲ್ಲ. ಕೊಡಗು ಪಕ್ಕದಲ್ಲೇ ಇದೆ, ಹುಣಸೂರಿನಲ್ಲಿ ಕಾಫಿ ಹದಮಾಡುವ ಕಾರ್ಖಾನೆಗಳಿವೆ, ಪುಡಿ ಅಂಗಡಿಯಲ್ಲಿ ಬೀಜ ಹುರಿದು ಕಣ್ಣೆದುರೇ ಬೀಸಿ ಕೊಡುತ್ತಾರೆ. "ಚಿಕೋರಿ ಎಷ್ಟು ಹಾಕ್ಲಿ ಅಕ್ಕ?" ಎಂದು ಕೇಳಿಯೇ ಹಾಕುತ್ತಾರೆ. ಪೊಟ್ಟಣದ ಕಾಫಿಗೂ ಕಾನೂನಿದೆ, ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಚಿಕೋರಿ ಎಷ್ಟೆಂದು ಮೇಲೆ ಬರೆದಿರಬೇಕು. ಬೆರಕೆ ಇದ್ದರೂ ಹೇಳಿ ಬೆರೆಸಿದರೆ ಅದು ಮೋಸವಲ್ಲ. ಆ ಬಿಸಿ ಪೊಟ್ಟಣವನ್ನು ಎದೆಗವುಚಿಕೊಂಡು ಮನೆಗೆ ನಡೆಯುವಾಗ ನಾವು ನಂಬಿಕೆ ಎಂಬ ಪದವನ್ನು ನೆನೆಯುವುದೇ ಇಲ್ಲ. ಕಣ್ಣು ಮೂಗು ಅದನ್ನು ನಮಗಾಗಿ ನೋಡಿಕೊಂಡಿರುತ್ತವೆ.

ನಾನು ಮೊದಲು ತರಿಸಿದ್ದು ಡಾರ್ಜಿಲಿಂಗ್. ಬೆಟ್ಟ, ಮಂಜು, ಬುಟ್ಟಿ ಹೊತ್ತ ಹೆಂಗಸರ ಚಿತ್ರ, ನೂರಾರು ಜನರ ಹೊಗಳಿಕೆ, ಅರ್ಧ ಬೆಲೆ. ಬಂದದ್ದು ಚೆಂದದ ತಗಡಿನ ಡಬ್ಬಿ. ಮೇಲೆ ಒಂದು ಬೆರಳಷ್ಟು ಎಲೆ, ಕೈ ಹಾಕಿದರೆ ಕೆಳಗೆಲ್ಲ ಪುಡಿ. ಯಾವ ತೋಟ ಎಂದಿಲ್ಲ, ಯಾವಾಗ ತುಂಬಿದ್ದು ಎಂದಿಲ್ಲ. ತಣ್ಣೀರು ಚಿಮುಕಿಸಿದ ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಹರಡಿ, ಸ್ವಲ್ಪ ಹೊತ್ತು ಬಿಟ್ಟು ಕಾಗದ ತೊಳೆದು ಬೆಳಕಿಗೆ ಹಿಡಿದೆ. ಆಹಾರ ಸುರಕ್ಷತೆಯವರು ಮನೆಯಲ್ಲೇ ಮಾಡಿ ನೋಡಿ ಎಂದು ಹೇಳುವ ಸರಳ ಪರೀಕ್ಷೆ ಅದು. ಒಳ್ಳೆಯ ಎಲೆಯಾದರೆ ಕಲೆ ಉಳಿಯುವುದಿಲ್ಲ, ಬಣ್ಣ ಬಳಿದದ್ದಾದರೆ ಕೆಂಪು ಕೆಂಪಾಗಿ ಚುಕ್ಕೆ ಉಳಿಯುತ್ತದೆ. ಉಳಿಯಿತು. ಡಬ್ಬಿಯ ಮೇಲಿನ ನಂಬರಿಗೆ ಫೋನು ಮಾಡಿದರೆ ಸ್ವಿಚ್ ಆಫ್.

ಆ ಬೆಳಗ್ಗೆ ದುಡ್ಡಿಗಿಂತ ಹೆಚ್ಚಾಗಿ ಇನ್ನೊಂದು ನನ್ನನ್ನು ನೋಯಿಸಿತು. ಮೇಲೆ ಹೊಂಬಣ್ಣದ್ದು ಹಾಸಿ ಒಳಗೆ ಕಳಪೆ ತುಂಬಿದ ಬೇಲ್ ಒಂದನ್ನು, ಅಪ್ಪನ ಮಗಳಾಗಿ, ನಾನೇ ಹರಾಜಿನಲ್ಲಿ ಎತ್ತಿಕೊಂಡು ಬಂದಿದ್ದೆ. ಕೈ ತೂರಿಸುವುದಕ್ಕೆ ಜಾಗವೇ ಇಲ್ಲದ ಕಡೆ ಕೊಳ್ಳುವುದು ಹೇಗೆ ಎಂದು ನಾನು ನಿಧಾನವಾಗಿ ಕೇಳಿಕೊಳ್ಳಲು ಶುರುಮಾಡಿದ್ದು ಅಂದಿನಿಂದ.

ಮೊದಲು ಲೆಕ್ಕ ಹಾಕುವುದನ್ನು ಕಲಿತೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕೆಜಿ ಟೀ ಆಗುತ್ತದೆ. ಅದರಲ್ಲಿ ಡಾರ್ಜಿಲಿಂಗಿನದು ಈಚಿನ ವರ್ಷಗಳಲ್ಲಿ 70 ಲಕ್ಷ ಕೆಜಿಯನ್ನೂ ಮುಟ್ಟುತ್ತಿಲ್ಲ. ಅಲ್ಲಿ ಆ ಹೆಸರು ಹಾಕಿಕೊಳ್ಳಲು ಹಕ್ಕಿರುವ ತೋಟಗಳು 87. ಭೌಗೋಳಿಕ ಸೂಚಕದ ಮುದ್ರೆ ಈ ದೇಶದಲ್ಲಿ ಮೊದಲು ಸಿಕ್ಕಿದ್ದೇ ಆ ಟೀಗೆ, 2004ರಲ್ಲಿ. ಒಂದು ಕೆಜಿ ಟೀ ಆಗಬೇಕಾದರೆ ನಾಲ್ಕೈದು ಕೆಜಿ ಹಸಿ ಚಿಗುರು ಬೇಕು, ಅದನ್ನು ಒಂದೊಂದಾಗಿ ಬೆರಳಲ್ಲಿ ಕೀಳಬೇಕು. ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮನೆಯವಳಿಗೆ ಹಸಿ ಎಲೆ ಒಣಗುವಾಗ ಎಷ್ಟು ಕರಗಿಹೋಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ಕಡಿಮೆ ಇರುವುದು, ಇಷ್ಟು ದುಡಿಮೆ ಬೇಡುವುದು, ಎಲ್ಲ ಕಡೆಯೂ ಅರ್ಧ ಬೆಲೆಗೆ ಸಿಗುವುದು ಹೇಗೆ? ಹೊಲದ ಲೆಕ್ಕ ಗೊತ್ತಿದ್ದೂ ನಾನು ಕೊಳ್ಳುವಾಗ ಆ ಲೆಕ್ಕ ಹಾಕಿರಲಿಲ್ಲ. ಅಗ್ಗದ ಆಸೆಯಲ್ಲಿ ನನ್ನ ಪಾಲೂ ಇತ್ತು.

ಆಮೇಲೆ ಚಿತ್ರ ನೋಡುವುದನ್ನು ಬಿಟ್ಟು ಮಾತು ಓದುವುದಕ್ಕೆ ಶುರುಮಾಡಿದೆ. ಒಬ್ಬ ಮಾರುವವನು ತನ್ನ ಟೀ ಬಗ್ಗೆ ದಿವ್ಯ, ಅಪೂರ್ವ, ರಾಜಮನೆತನದ್ದು ಎಂದೆಲ್ಲ ಬರೆದಿರುತ್ತಾನೆ. ಅದರಲ್ಲಿ ಸುಳ್ಳೆಂದು ತೋರಿಸಬಹುದಾದ ಒಂದು ಮಾತೂ ಇರುವುದಿಲ್ಲ. ಇನ್ನೊಬ್ಬ ಇಂಥ ತೋಟ, ಈ ವರ್ಷದ ಏಪ್ರಿಲ್ ಕೊಯ್ಲು, ಇಂಥ ತಿಂಗಳು ತುಂಬಿದ್ದು, ಈ ಸಲ ಮಳೆ ತಡವಾದ್ದರಿಂದ ಹೋದ ವರ್ಷದಷ್ಟು ಪರಿಮಳ ಇಲ್ಲ ಎಂದು ಬರೆದಿರುತ್ತಾನೆ. ಪ್ರತಿ ಮಾತೂ ಒಂದು ಹಿಡಿಕೆ. ಬೇಕಾದರೆ ಹಿಡಿದು ಜಗ್ಗಿ ನೋಡಬಹುದು. ಎರಡನೆಯವನು ಬೇಲ್ ಬಿಚ್ಚಿ ಇಟ್ಟಿದ್ದಾನೆ ಎಂದು ನನಗೆ ಅನಿಸಿತು. ಸುಳ್ಳಾದರೆ ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೂ ವಿವರ ಕೊಡುವವನಲ್ಲಿ ಏನೋ ಒಂದು ಗಟ್ಟಿ ಇದೆ.

ಕಾನೂನು ಕೂಡ ಸುಮಾರು ಇದನ್ನೇ ಕೇಳುತ್ತದೆ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ತಮ್ಮ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿ ಯಾರೆಂಬುದನ್ನು ತೋರಿಸಬೇಕು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಯ ವೇಷದಲ್ಲಿ ತಾವೇ ತಮ್ಮನ್ನು ಹೊಗಳಿಕೊಳ್ಳಕೂಡದು. ಟೀ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು ಇರಬೇಕು. ದೂರು ಹೇಳಲು 1915 ಎಂಬ ಸಹಾಯವಾಣಿ ಇದೆ. ಆ 14 ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ನೋಂದಣಿ ನಂಬರು ಕಣ್ಣಿಗೆ ಬರುತ್ತದೆ. ನಂಬರು ಇದ್ದಮಾತ್ರಕ್ಕೆ ಸೊಪ್ಪು ಒಳ್ಳೆಯದೆಂದಲ್ಲ. ಹಿಡಿದುಕೊಂಡು ಹೋದರೆ ಒಂದು ಬಾಗಿಲು ಸಿಗುತ್ತದೆ, ಅಷ್ಟು.

ಬಾಗಿಲು ಸಿಕ್ಕಮೇಲೆ ಅಲ್ಲಿ ಯಾರು ನಿಂತಿರುತ್ತಾರೆ ಎಂಬುದು ಮಾತ್ರ ತೊಂದರೆಯಾದ ದಿನವೇ ಗೊತ್ತಾಗುವುದು. ಅಂಥ ಒಂದು ದಿನದ ಕಥೆ ಇದೆ.

ನಮಗೆ ಹತ್ತಿರದ ಟೀ ಬೆಟ್ಟಗಳೇ ಬೇಕಾದಷ್ಟಿವೆ. ಸಕಲೇಶಪುರದ ಕಾಡುಮನೆ, ಚಿಕ್ಕಮಗಳೂರು ಸೀಮೆಯ ಕೆಳಗೂರು ನಮ್ಮ ರಾಜ್ಯದವೇ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿ ಕಡೆ ಹೋದರೆ ವಯನಾಡಿನ ತೋಟಗಳು. ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ. ನೀಲಗಿರಿಯ ಸಣ್ಣ ಬೆಳೆಗಾರರಲ್ಲಿ ಬಹಳ ಜನ ಬಡಗರು. ಬಡಗ ಎಂದರೆ ಉತ್ತರದವರು, ನಮ್ಮ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಹೋದವರು ಎಂದು ಅವರ ಹಿರಿಯರೇ ಹೇಳುತ್ತಾರೆ. ಅವರ ಮಾತು ಕನ್ನಡದ ದಾಯಾದಿ. ಡಾರ್ಜಿಲಿಂಗಿನ ಪೆಟ್ಟು ತಿಂದಮೇಲೆ ನಾನು ನೀಲಗಿರಿಯ ಒಬ್ಬ ಸಣ್ಣ ವ್ಯಾಪಾರಿಯಿಂದ 50 ಗ್ರಾಂ ಮಾತ್ರ ತರಿಸಿದೆ. ಡಿಸೆಂಬರ್ ಜನವರಿಯ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಕೊಯ್ದ ಎಲೆ. ಹೂವಿನ ಪರಿಮಳ, ತಿಳಿ ಬಣ್ಣ ಎಂದು ಬರೆದಿತ್ತು. ನಾನು ಕಾಸಿದ ಟೀ ಮಾತ್ರ ಮಂಕಾಗಿ, ಕಂದಾಗಿ, ಮೇಲೆ ತೆಳ್ಳನೆ ಕೆನೆಯಂಥ ಪೊರೆ ಕಟ್ಟಿಕೊಂಡು ಕೂತಿತು. ಪರಿಮಳ ಇಲ್ಲವೇ ಇಲ್ಲ. ಮತ್ತೆ ಮೋಸ ಹೋದೆ ಎಂಬ ಸಿಟ್ಟಿನಲ್ಲಿ ರಾತ್ರಿಯೇ ಅಂಗಡಿಯ ಪುಟದಲ್ಲಿ ನಾಲ್ಕು ಖಾರದ ಸಾಲು ಬರೆದು ಹಾಕಿದೆ.

ಮಾರನೆಯ ಬೆಳಗ್ಗೆ ಫೋನು ಬಂತು. ದನಿ ವಯಸ್ಸಾದವರದ್ದು. ಪಿರಿಯಾಪಟ್ಟಣ ಎಂದು ವಿಳಾಸ ನೋಡಿ ಕನ್ನಡದಲ್ಲೇ ಮಾತಾಡಲು ಹೊರಟಿದ್ದರು, ಅವರ ಕನ್ನಡದೊಳಗೆ ಬಡಗು ನುಗ್ಗಿ ನುಗ್ಗಿ ಬರುತ್ತಿತ್ತು. ಹತ್ತು ಮಾತಿನಲ್ಲಿ ಎಂಟು ನನಗೆ ಯಾವ ಕಷ್ಟವೂ ಇಲ್ಲದೆ ತಿಳಿದವು. ಅವರು ತಮ್ಮ ಟೀ ಪರವಾಗಿ ಒಂದು ಮಾತೂ ಆಡಲಿಲ್ಲ. ದುಡ್ಡು ವಾಪಸ್ ಕೊಡುತ್ತೇನೆಂದರು, ಅದಕ್ಕೂ ಮುಂಚೆ ಒಂದು ಕೇಳಬಹುದೇ ಅಂದರು.

"ನೀವು ಕಾಸಿದ ನೀರು ಯಾವುದಮ್ಮ?"

ಬೋರ್‌ವೆಲ್ ನೀರು. ಪಾತ್ರೆಯ ತಳದಲ್ಲಿ ಬಿಳಿ ಹೆಕ್ಕಳಿಕೆ ಕಟ್ಟುವ, ಬೇಳೆ ಬೇಯದ ಗಡಸು ನೀರು. ಆ ನೀರಿನಲ್ಲಿ ಇಂಥ ಎಲೆ ಬಾಯಿಬಿಡುವುದಿಲ್ಲ, ಮೇಲೆ ಪೊರೆ ಕಟ್ಟುವುದೂ ಅದರಿಂದಲೇ ಎಂದು ಅವರು ಮಗುವಿಗೆ ಹೇಳುವ ಹಾಗೆ ಹೇಳಿದರು. ಆ ಸಂಜೆ ಶುದ್ಧ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕಿ ಒಂದು ಕ್ಯಾನು ನೀರು ತಂದೆ. ಮರುದಿನ ಇದೇ ಲೋಟ, ಅದೇ ಪೊಟ್ಟಣ, ಅದೇ ಒಂದು ಚಮಚ. ಲೋಟದಲ್ಲಿ ಬೆಳಕು ನಿಂತ ಹಾಗೆ ತಿಳಿಯಾದ ಬಣ್ಣ. ಮೂಗು ಹತ್ತಿರ ತಂದರೆ ಮುಚ್ಚಿದ ಕೋಣೆಯಲ್ಲಿ ಯಾರೋ ಹೂ ಬಿಟ್ಟುಹೋದ ಹಾಗೆ ಒಂದು ಪರಿಮಳ, ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ನಾನು ಬಹಳ ಹೊತ್ತು ಕೂತೇ ಇದ್ದೆ. ಕಾಣದ ವ್ಯಾಪಾರಿಯನ್ನು ನಂಬುವುದು ಹೇಗೆ ಎಂದು ಅಷ್ಟು ದಿನ ಯೋಚಿಸಿದ್ದೆ. ಕಾಣದ ಗಿರಾಕಿಯನ್ನು ಅವರು ಹೇಗೆ ನಂಬುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವರ ಎಲೆ ನನ್ನ ನೀರಿಗೆ ಬೀಳುತ್ತದೆ. ನನ್ನ ನೀರು ಹೇಗಿದೆಯೋ ಅವರಿಗೆ ಗೊತ್ತಿಲ್ಲ. ನಾನು ಅದನ್ನು ಸಾಂಬಾರಪುಡಿ ಡಬ್ಬಿಯ ಪಕ್ಕ ಇಟ್ಟಿದ್ದೇನೋ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದೇನೋ, ಹತ್ತು ನಿಮಿಷ ಕುದಿಸಿ ಕಷಾಯ ಮಾಡಿದ್ದೇನೋ ಅವರು ಕಂಡವರಲ್ಲ. ಆದರೂ ನನ್ನ ನಾಲ್ಕು ಸಾಲು ಅವರ ನಂಬರಿನ ಮೇಲೆ ಬೀಳುತ್ತದೆ. ಒಬ್ಬ ಬೆಳೆಗಾರನ ಮಗಳು ನಾನು, ಒಬ್ಬ ಬೆಳೆಗಾರನ ಬೇಲ್ ಅನ್ನು ಸರಿಯಾಗಿ ಬಿಚ್ಚಿಯೂ ನೋಡದೆ ತಿರಸ್ಕರಿಸಿದ್ದೆ.

ನಾನೇ ಫೋನು ಮಾಡಿ ತಪ್ಪಾಯಿತೆಂದೆ. ಬರೆದದ್ದನ್ನು ಅಳಿಸಿಬಿಡುತ್ತೇನೆ ಅಂದೆ. ಅಳಿಸಬೇಡಿ ಅಂದರು. ಆದದ್ದನ್ನು ಆದ ಹಾಗೆಯೇ ಕೆಳಗೆ ಸೇರಿಸಿ, ಗಡಸು ನೀರಿನ ಊರಿನವರು ಇನ್ನೂ ಬಹಳ ಜನ ಇದ್ದಾರೆ, ಅವರಿಗೆ ಉಪಯೋಗವಾಗಲಿ ಅಂದರು. ಹಾಗೇ ಮಾಡಿದೆ. ದುಡ್ಡು ವಾಪಸ್ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ನನ್ನ ಟೀಸೊಪ್ಪು ಬಹುಪಾಲು ಅಲ್ಲಿಂದಲೇ ಬರುತ್ತದೆ. ವರ್ಷಕ್ಕೊಮ್ಮೆ ಡಾರ್ಜಿಲಿಂಗಿನ ಒಂದು ತೋಟದಿಂದ ನೇರವಾಗಿ ವಸಂತದ ಮೊದಲ ಕೊಯ್ಲಿನದು ಸ್ವಲ್ಪ ತರಿಸುತ್ತೇನೆ. ಅದರ ಬೆಲೆ ಹೆಚ್ಚು, ಆದ್ದರಿಂದ ತರಿಸುವುದು ಕಡಿಮೆ. ಹೊಸಬರಿಂದ ಕೊಳ್ಳುವಾಗ ಈಗಲೂ 25, 50 ಗ್ರಾಂ ಮೀರುವುದಿಲ್ಲ. ಸಣ್ಣ ಪೊಟ್ಟಣ ಮಾರಲು ಒಪ್ಪದವರ ಕಡೆ ಹೋಗುವುದಿಲ್ಲ. ಕೊಳ್ಳುವ ಮುಂಚೆ ಏನಾದರೊಂದು ಪ್ರಶ್ನೆ ಬರೆದು ಕಳಿಸುತ್ತೇನೆ, ಇದು ಹಾಲಿಗೆ ಹೊಂದುತ್ತದೆಯೇ ಎಂದೋ, ಇದು ಯಾವ ತಿಂಗಳ ಕೊಯ್ಲು ಎಂದೋ. ಹೊಂದುವುದಿಲ್ಲ, ನಿಮಗೆ ಇದು ಬೇಡ ಎಂದು ಉತ್ತರ ಬಂದರೆ ನನಗೆ ಸಮಾಧಾನ. ತನ್ನ ಸರಕನ್ನು ಬೇಡ ಎಂದು ಹೇಳಬಲ್ಲವನು, ಬೇಕು ಎಂದು ಹೇಳಿದ ದಿನ ನಾನು ಎರಡು ಮಾತಾಡದೆ ಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ನೀಲಗಿರಿಯ ಹಿರಿಯರಿಗೆ ಕಾಲು ಕೆಜಿ ಕಳಿಸಿ ಎಂದಾಗ, ಉಳಿದಿರುವುದು ಹೋದ ಚಳಿಗಾಲದ್ದು, ಈಗ ಪರಿಮಳ ಇಳಿದಿದೆ, ಹೊಸದು ಬರುವವರೆಗೆ ತಡೆಯಿರಿ ಅಂದರು. ಆರು ತಿಂಗಳು ತಡೆದೆ. ಆ ಆರು ತಿಂಗಳು ಬೆಳಗಿನ ಈ ಹೊತ್ತಿಗೆ ಜೀರಿಗೆ ಕಷಾಯ ಕುಡಿದೆ.

ನಿನ್ನೆ ಸಂಜೆ ಪೊಟ್ಟಣ ಬಂತು. ಕೊರಿಯರ್ ಹುಡುಗ ಮಂಜಿಗೆ ಮಫ್ಲರ್ ಸುತ್ತಿಕೊಂಡು ಬಂದು, "ಟೀಚರೇ, ನಿಮ್ ಟೀಸೊಪ್ಪು" ಎಂದು ಕೊಟ್ಟುಹೋದ. ಒಳಗೆ ಬೆಳಕು ತೂರದ ದಪ್ಪ ಚೀಲ, ಮೇಲೆ ಕೈಯಲ್ಲೇ ಬರೆದ ಕೊಯ್ಲಿನ ತಾರೀಖು. ರಾತ್ರಿ ಒಡೆಯಲಿಲ್ಲ, ಬೆಳಗಿಗೆಂದು ಇಟ್ಟೆ.

ಈಗ ಒಲೆಯ ಮೇಲೆ ನೀರು ಸಣ್ಣಗೆ ಸದ್ದು ಮಾಡುತ್ತಿದೆ. ಹೊರಗೆ ಇನ್ನೂ ಏನೂ ಕಾಣುತ್ತಿಲ್ಲ. ಚೀಲದ ಬಾಯಿ ಕತ್ತರಿಸಿ, ಮೇಲಿನಿಂದ ಎರಡು ಎಳೆ ತೆಗೆದು ಬಿಳಿ ತಟ್ಟೆಗೆ ಹಾಕಿದೆ. ಆಮೇಲೆ ತೋಳಿನ ಮೇಲಿನ ಸೆರಗು ಸರಿಸಿ, ಮೂರು ಬೆರಳು ಚೀಲದ ತಳಕ್ಕಿಳಿಸಿ, ಅಲ್ಲಿಂದ ಎರಡು ಎಳೆ ಎತ್ತಿ ಪಕ್ಕದಲ್ಲಿಟ್ಟೆ. ದೀಪದ ಕೆಳಗೆ ತಟ್ಟೆ ಹಿಡಿದು ನೋಡಿದೆ. ಯಾವುದು ಮೇಲಿನದು, ಯಾವುದು ತಳದ್ದು ಎಂದು ಈಗ ನನಗೇ ಗೊತ್ತಾಗುತ್ತಿಲ್ಲ. ನಾಲ್ಕನ್ನೂ ಲೋಟಕ್ಕೆ ಹಾಕಿ, ಮೇಲೆ ಒಂದು ಚಮಚ ಸೇರಿಸಿ, ನೀರು ಇಳಿಸಿದೆ.